ಪ್ರಾಥಮಿಕ ಶಾಲೆಯಲ್ಲಿ ಕಥೋಲಿಕ ವಿಶ್ವಾಸ ಮತ್ತು ಸೇವೆ: ಬಳ್ಳಾರಿ, ರಾಯಚೂರು, ಕೊಪ್ಪಳದ ಶಿಕ್ಷಕರಿಗೆ ಒಂದು ಸಮಗ್ರ ಮಾರ್ಗದರ್ಶಿ

ಬಳ್ಳಾರಿ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ ನೋಡಿಕೊಳ್ಳುವ ಸೀಮೆ, ಶುರುವಾದದ್ದು 1949ರಲ್ಲಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಅದರ ವ್ಯಾಪ್ತಿಗೆ ಬರುತ್ತವೆ. ಮುದಗಲ್ಲಿನಂಥ ಊರಲ್ಲಿ ಕಥೋಲಿಕರ ನೆಲೆ ಅದಕ್ಕಿಂತ ಎಷ್ಟೋ ಹಳೆಯದು. ಆದರೂ ಈ ಸೀಮೆಯಲ್ಲಿ ನಮ್ಮ ಜನ ಕಡಿಮೆ. ಸಿಸ್ಟರ್‌ಗಳು ನಡೆಸುವ ಶಾಲೆಯಲ್ಲೂ ಹಾಜರಿ ಕೂಗಿದರೆ ಬಸವರಾಜ, ಹುಲಿಗೆಮ್ಮ, ಮೆಹಬೂಬ, ಶರಣಮ್ಮ ಎಂಬ ಹೆಸರುಗಳ ನಡುವೆ ಎಲ್ಲೋ ಒಬ್ಬ ಅಂತೋಣಿ ಸಿಗುತ್ತಾನೆ.

ಹಾಗಾಗಿ ಕರಾವಳಿಯ ದೊಡ್ಡ ಶಾಲೆಗಳ ಮಾದರಿ ಇಲ್ಲಿ ಹಾಗೇ ನಡೆಯುವುದಿಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ನೀರು, ರೊಟ್ಟಿ, ಹಾಜರಿ ಮೊದಲು. ಹಾಡು, ನಾಟಕ, ಬ್ಯಾನರ್ ಆಮೇಲೆ. ಕೆಳಗಿನ ಹೆಜ್ಜೆಗಳೂ ಇದೇ ಲೆಕ್ಕದಲ್ಲಿ ಇವೆ. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಮೊದಲ ಹೆಜ್ಜೆಯಿಂದ ಹೊರಡಿ.

1. ನಿಮ್ಮ ಶಾಲೆ ಯಾವ ಬಗೆಯದು, ನೋಡಿಕೊಳ್ಳಿ

ಎಲ್ಲಕ್ಕಿಂತ ಮೊದಲು ಇದು ತಿಳಿದಿರಬೇಕು. ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಮಾಡುವಂತಿಲ್ಲ. ಸಂವಿಧಾನದ 28ನೇ ವಿಧಿ ಇದನ್ನು ನೇರವಾಗಿ ಹೇಳುತ್ತದೆ. ನೀವು ಸರ್ಕಾರಿ ಶಾಲೆಯ ಕಥೋಲಿಕ ಶಿಕ್ಷಕರಾದರೆ ಅಲ್ಲಿ ಜಪ ಕಲಿಸುವ ಮಾತೇ ಇಲ್ಲ. ನಿಮ್ಮ ವಿಶ್ವಾಸ ನಿಮ್ಮ ಕೆಲಸದಲ್ಲಿ ಕಾಣಬೇಕು, ಅಷ್ಟೇ. ನೀವು 2 ಮತ್ತು 5ನೇ ಹೆಜ್ಜೆಯನ್ನು ಮಾತ್ರ ಹಿಡಿದುಕೊಂಡರೆ ಸಾಕು, 7 ಮತ್ತು 8ನ್ನೂ ಒಮ್ಮೆ ಓದಿಕೊಳ್ಳಿ.

ಧರ್ಮಪ್ರಾಂತ್ಯ ಅಥವಾ ಸಿಸ್ಟರ್‌ಗಳ ಶಾಲೆಯಾದರೆ 30ನೇ ವಿಧಿಯಡಿ ಅದು ಅಲ್ಪಸಂಖ್ಯಾತರ ಸಂಸ್ಥೆ. ಅಲ್ಲಿ ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ ಕೊಡಬಹುದು. ಆದರೆ ಅದೇ 28ನೇ ವಿಧಿಯ ಮೂರನೇ ಭಾಗ ಇನ್ನೊಂದು ಮಾತು ಹೇಳುತ್ತದೆ. ಸರ್ಕಾರದ ಮಾನ್ಯತೆ ಇರುವ ಅಥವಾ ಅನುದಾನ ಪಡೆಯುವ ಯಾವ ಶಾಲೆಯೂ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮದ ಪಾಠಕ್ಕೋ ಪೂಜೆಗೋ ಕೂರಿಸುವಂತಿಲ್ಲ. ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ, ಕನ್ನಡದಲ್ಲೇ ಪಡೆಯಿರಿ. ಓದಲು ಬಾರದ ತಾಯಿಗೆ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಹಾಕಿಸಿ.

ಇದು ಕಾನೂನಿಗೆ ಹೆದರಿ ಮಾಡುವ ಕೆಲಸ ಅಂತ ಅಂದುಕೊಳ್ಳಬೇಡಿ. ಲೋಕದ ಬಿಷಪ್‌ಗಳೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಕ್ರೈಸ್ತ ಶಿಕ್ಷಣದ ಬಗ್ಗೆ ತನ್ನ ಘೋಷಣೆ ಹೊರಡಿಸಿದ್ದು 1965ರ ಅಕ್ಟೋಬರ್ 28ರಂದು. ಬೇರೆ ಧರ್ಮಗಳನ್ನು ಗೌರವದಿಂದ ಕಾಣಬೇಕೆಂಬ ಘೋಷಣೆಯೂ ಹೊರಬಿದ್ದದ್ದು ಅದೇ ದಿನ. ಒಂದನ್ನು ಗೋಡೆಗೆ ತೂಗುಹಾಕಿ ಇನ್ನೊಂದನ್ನು ಮರೆತರೆ ಹೇಗೆ, ಅಲ್ವಾ? ಭಾರತದ ಧರ್ಮಾಧ್ಯಕ್ಷರ (ಬಿಷಪ್‌ಗಳ) ಮಂಡಳಿ 2024ರಲ್ಲಿ ಶಾಲೆಗಳಿಗೆ ಕೊಟ್ಟ ಸೂಚನೆಯಲ್ಲೂ ಬೇರೆ ಧರ್ಮದ ಮಕ್ಕಳ ಮೇಲೆ ನಮ್ಮ ಆಚರಣೆ ಹೇರಬೇಡಿ ಎಂದೇ ಇದೆ.

2. ಮೊದಲು ನಿಮ್ಮ ಬೆಳಗ್ಗೆ

ಶಿಕ್ಷಕರ ಪಾಲಕ ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್. 1950ರಲ್ಲಿ ಪೋಪ್ ಹನ್ನೆರಡನೇ ಪಯಸ್ ಈ ಗೌರವ ಕೊಟ್ಟರು. ಫ್ರಾನ್ಸಿನಲ್ಲಿ ಬಡ ಮಕ್ಕಳಿಗೆ ಲ್ಯಾಟಿನ್ ಬಿಟ್ಟು ಮನೆಮಾತಿನಲ್ಲಿ ಓದು ಕಲಿಸಿದವರು ಅವರು. ನಾವು ದೇವರ ಸನ್ನಿಧಿಯಲ್ಲಿದ್ದೇವೆ ಎಂದು ಆಗಾಗ ನೆನಪಿಸಿಕೊಳ್ಳುವುದು ಅವರ ಶಾಲೆಗಳ ರೂಢಿ. ಅದನ್ನೇ ಹೀಗೆ ಮಾಡಿ ನೋಡಿ.

ಮೊದಲ ಗಂಟೆಗೆ ಹತ್ತು ನಿಮಿಷ ಮುಂಚೆ ಬನ್ನಿ. ಹಾಜರಿ ಪುಸ್ತಕ ತೆಗೆಯಿರಿ. ನಿನ್ನೆ ಬಾರದವರ ಹೆಸರಿನ ಮೇಲೆ ಬೆರಳಿಟ್ಟು ಒಂದೊಂದೇ ಓದಿ. ಪ್ರತಿ ಹೆಸರಿಗೂ ಒಂದು ಸಣ್ಣ ಪ್ರಾರ್ಥನೆ, ಮನಸ್ಸಿನಲ್ಲೇ. ಕೊನೆಗೆ ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆ, ಒಂದು ಪರಲೋಕ ಮಂತ್ರ. ಯಾರಿಗೂ ಗೊತ್ತಾಗಬೇಕಿಲ್ಲ. ಇದರಿಂದ ಬಾರದ ಮಗು ನಿಮ್ಮ ತಲೆಯಲ್ಲಿ ಉಳಿಯುತ್ತದೆ. ಐದನೇ ಹೆಜ್ಜೆಗೆ ಬೇಕಾದದ್ದು ಅದೇ.

ಇನ್ನೊಂದು ಮಾತು. ಭಾನುವಾರ ಚರ್ಚಿನ ಬಲಿಪೂಜೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು, ಸೋಮವಾರ ಸ್ಟಾಫ್ ರೂಮಿನಲ್ಲಿ ಬಡವರ ಮಕ್ಕಳನ್ನು ಆಡಿಕೊಂಡರೆ ಶಾಲೆಯ ಆಯಾಗಳಿಗೆ ಎಲ್ಲವೂ ತಿಳಿಯುತ್ತದೆ. ಮಕ್ಕಳಿಗೂ ತಿಳಿಯುತ್ತದೆ. ಈ ಕಾಲದ ಜನ ಬೋಧಕರಿಗಿಂತ ಸಾಕ್ಷಿಗಳ ಮಾತನ್ನು ಹೆಚ್ಚು ಕೇಳುತ್ತಾರೆ ಎಂದು ಪೋಪ್ ಆರನೇ ಪೌಲ್ 1975ರಲ್ಲೇ ಬರೆದಿದ್ದರು.

3. ಬೆಳಗಿನ ಪ್ರಾರ್ಥನೆ ಎಲ್ಲರದ್ದಾಗಲಿ

ಇಲ್ಲಿ ಹೆಚ್ಚು ಯೋಚನೆ ಬೇಡ. ನಾಡಗೀತೆ, ಸಂವಿಧಾನದ ಪೀಠಿಕೆ, ಒಂದು ನಿಮಿಷ ಮೌನ. ಪೀಠಿಕೆ ಓದುವುದನ್ನು ರಾಜ್ಯ ಸರ್ಕಾರ 2023ರಲ್ಲಿ ಕಡ್ಡಾಯ ಮಾಡಿತು. ಮೌನದಲ್ಲಿ ಮಗು ತನ್ನ ದೇವರನ್ನು ನೆನೆಯಲಿ. ಆಮೇಲೆ ಆ ವಾರದ ಒಂದು ಮಾತು: ಒಮ್ಮೆ ಶುಭಸಂದೇಶದ ಸಾಮತಿ (ಯೇಸುಸ್ವಾಮಿ ಹೇಳಿದ ದೃಷ್ಟಾಂತ ಕಥೆ), ಒಮ್ಮೆ ವಚನ, ಒಮ್ಮೆ ದಾಸರ ಪದ, ಒಮ್ಮೆ ಸೂಫಿಗಳ ಕಥೆ. ಒಳ್ಳೆಯ ಸಮಾರಿಯದವನ ಕಥೆ ಯಾವ ಮನೆಯ ಮಗುವಿಗೂ ಅರ್ಥವಾಗುತ್ತದೆ. ಕಥೆ ಮುಗಿದ ಮೇಲೆ ಅದರ ನೀತಿ ಏನು ಎಂದು ಕೇಳಲು ಹೋಗಬೇಡಿ, ಕಥೆ ತನ್ನ ಕೆಲಸ ತಾನೇ ಮಾಡುತ್ತದೆ.

4. ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ: ಬೇರೆಯಾಗಿ, ಚೆನ್ನಾಗಿ

ಮಕ್ಕಳು ಕಡಿಮೆ ಇದ್ದಾರೆಂದು ಇದನ್ನು ಸುಮ್ನೆ ಬಿಟ್ಟುಬಿಡುವ ಶಾಲೆಗಳಿವೆ. ಎಲ್ಲರಿಗೂ ಒಟ್ಟಿಗೆ ನೀತಿಪಾಠ ಮಾಡಿ ಕೈತೊಳೆದುಕೊಳ್ಳುತ್ತಾರೆ. ಇದರಿಂದ ಅಂತೋಣಿಗೂ ಪೂರ್ತಿ ಸಿಗುವುದಿಲ್ಲ, ಬಸವರಾಜನಿಗೂ ಸರಿ ಹೋಗುವುದಿಲ್ಲ.

ವಾರಕ್ಕೆ ಎರಡು ಪೀರಿಯಡ್ ಇಡಿ. ಆ ಹೊತ್ತಿಗೆ ಉಳಿದ ಮಕ್ಕಳಿಗೆ ಅಷ್ಟೇ ಚೆನ್ನಾಗಿರುವ ಇನ್ನೊಂದು ಕೆಲಸ ಇರಬೇಕು, ಓದು ಅಥವಾ ಆಟ. ಅವರನ್ನು ಖಾಲಿ ಕೂರಿಸಿದರೆ ಅದೂ ಒಂದು ಭೇದವೇ.

ಒಂದನೇ ಎರಡನೇ ತರಗತಿಗೆ ಶಿಲುಬೆಯ ಗುರುತು, ಪರಲೋಕ ಮಂತ್ರ, ನಮೋ ಮರಿಯ ಸಾಕು. ಬಾಯಿಪಾಠದ ಜೊತೆಗೆ ಪ್ರತಿ ಸಾಲಿನ ಅರ್ಥವನ್ನು ಮನೆಮಾತಿನಲ್ಲಿ ಹೇಳಿಸಿ. ರಾಯಚೂರು ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಪ್ರಾರ್ಥನೆ ಕನ್ನಡದಲ್ಲಿ ಕಲಿತ ಮಗು ಅಜ್ಜಿಯ ಜೊತೆ ತೆಲುಗಿನಲ್ಲಿ ಹೇಳಿದರೆ ತಡೆಯಬೇಡಿ. "ಅನುದಿನದ ಆಹಾರ" ಎಂದು ಪರಲೋಕ ಮಂತ್ರದಲ್ಲಿ ಬರುವಾಗ ನಿಮ್ಮ ಮನೆಯಲ್ಲಿ ಇವತ್ತು ಏನು ಉಂಡಿರಿ ಅಂತ ಕೇಳಿ. ಆ ಉತ್ತರದಿಂದ ನಿಮಗೇ ಬಹಳ ತಿಳಿಯುತ್ತದೆ.

ಮೊದಲ ಪರಮಪ್ರಸಾದಕ್ಕೆ, ಅಂದರೆ ಬಲಿಪೂಜೆಯಲ್ಲಿ ಮೊದಲ ಸಲ ಪವಿತ್ರ ರೊಟ್ಟಿ ಸ್ವೀಕರಿಸುವುದಕ್ಕೆ, ಮಗುವನ್ನು ಸಿದ್ಧ ಮಾಡುವುದು ಮುಖ್ಯವಾಗಿ ತಂದೆತಾಯಿ ಮತ್ತು ಧರ್ಮಕೇಂದ್ರದ (ಊರ ಚರ್ಚಿನ) ಗುರುಗಳ ಹೊಣೆ. ಧರ್ಮಸಭೆಯ ಕಾನೂನು ಸಂಹಿತೆಯ 914ನೇ ನಿಯಮದಲ್ಲಿ ಹಾಗಿದೆ. ತಿಳಿವಳಿಕೆ ಬರುವ ವಯಸ್ಸು ಏಳು ಎಂದು ಅದೇ ಸಂಹಿತೆ ಲೆಕ್ಕ ಹಿಡಿಯುತ್ತದೆ. ಮೂರು ಅಥವಾ ನಾಲ್ಕನೇ ತರಗತಿಯಲ್ಲಿ ಶುರು ಮಾಡಿದರೆ ಸರಿಯಾಗುತ್ತದೆ. ಮೊದಲು ಪಾಪನಿವೇದನೆ, ಆಮೇಲೆ ಪರಮಪ್ರಸಾದ. ಶಾಲೆ ಇಲ್ಲಿ ಕೈಜೋಡಿಸುವುದಷ್ಟೇ. ದಿನಾಂಕ ಇಡುವ ಮೊದಲು ಗುಳೆ ಹೋಗುವ ಮನೆಗಳನ್ನು ಕೇಳಿ. ಸುಗ್ಗಿಯ ನಡುವೆ ದಿನ ಇಟ್ಟರೆ ಬಡವರ ಮಕ್ಕಳೇ ತಪ್ಪಿಹೋಗುತ್ತಾರೆ. ಬಿಳಿ ಬಟ್ಟೆಯ ಖರ್ಚೂ ಹಾಗೆಯೇ. ಧರ್ಮಕೇಂದ್ರದಲ್ಲೇ ನಾಲ್ಕಾರು ಅಳತೆಯ ಬಟ್ಟೆ ಹೊಲಿಸಿಟ್ಟರೆ ವರ್ಷವರ್ಷ ಬಳಸಬಹುದು. ಎಲ್ಲರೂ ಅದನ್ನೇ ಹಾಕಬೇಕು, ಇದ್ದವರ ಮಗುವೂ ಸೇರಿ.

5. ಸೇವೆ: ನೀರು, ರೊಟ್ಟಿ, ಹಾಜರಿ

ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯ ನಮಗೆಲ್ಲ ಗೊತ್ತು. ಹಸಿದಿದ್ದೆ, ಬಾಯಾರಿದ್ದೆ, ಪರದೇಶಿಯಾಗಿದ್ದೆ. ಈ ಮೂರೂ ನಮ್ಮ ಶಾಲೆಯ ಅಂಗಳದಲ್ಲೇ ಇವೆ.

ಬಾಯಾರಿಕೆಯಿಂದ ಶುರು ಮಾಡೋಣ. ರಾಯಚೂರು, ಕೊಪ್ಪಳದ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಕಂಡರೆ ಅನುಮಾನ ಪಡಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು ಎಂಬುದು ಭಾರತೀಯ ಮಾನಕ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಹೆಚ್ಚಾಗುತ್ತದೆ. ಹಾಗಾಗಿ ಮಾಡಬೇಕಾದ್ದು ಇಷ್ಟು: ಶಾಲೆಯ ನೀರಿನ ಸ್ಯಾಂಪಲ್ ಕೊಟ್ಟು ಪರೀಕ್ಷೆ ಮಾಡಿಸಲು ಗ್ರಾಮ ಪಂಚಾಯಿತಿಗೆ ಅರ್ಜಿ ಬರೆಯಿರಿ. ವರದಿ ಬರುವ ತನಕ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರಿಸಿ. ದಿನಕ್ಕೆ ಮೂರು ಸಲ ನೀರು ಕುಡಿಯುವುದಕ್ಕೆಂದೇ ಗಂಟೆ ಹೊಡೆಯಿರಿ. ಹೆಣ್ಣುಮಕ್ಕಳು ಶೌಚಾಲಯ ಸರಿಯಿಲ್ಲ ಅಂತಲೇ ನೀರು ಕುಡಿಯದೆ ಕೂತಿರುತ್ತಾರೆ. ಆದ್ದರಿಂದ ಶೌಚಾಲಯಕ್ಕೆ ನೀರು, ಬಾಗಿಲು, ಚಿಲಕ, ಈ ಮೂರನ್ನೂ ಇದೇ ಪಟ್ಟಿಗೆ ಸೇರಿಸಿ. ಮಾರ್ಚ್ ತಿಂಗಳ ರಾಯಚೂರು ಬಿಸಿಲು ನಿಮಗೆ ಗೊತ್ತೇ ಇದೆಯಲ್ಲ.

ಶೌಚಾಲಯದ ಮಾತು ಬಂತು. ಸೇವೆ ಕಲಿಸುತ್ತೇವೆ ಎಂದು ಮಕ್ಕಳಿಂದ ಶೌಚಾಲಯ ತೊಳೆಸಬೇಡಿ. ಇಲಾಖೆ ಒಪ್ಪುವುದಿಲ್ಲ. ಅದಕ್ಕಿಂತ ದೊಡ್ಡ ಮಾತು, ಪೊರಕೆ ಕೊನೆಗೆ ಯಾವ ಕೇರಿಯ ಮಗುವಿನ ಕೈಗೆ ಬರುತ್ತದೆ ಎಂಬುದು ನಮಗೆಲ್ಲ ಗೊತ್ತು. ಪವಿತ್ರ ಗುರುವಾರ ಯೇಸುಸ್ವಾಮಿ ಶಿಷ್ಯರ ಪಾದ ತೊಳೆದರು, ಶಿಷ್ಯರಿಂದ ತೊಳೆಸಿಕೊಳ್ಳಲಿಲ್ಲ. ಮಾದರಿ ತೋರಿಸಬೇಕೆಂದರೆ ಹೆಡ್‌ಮಾಸ್ಟರ್ ಒಂದು ದಿನ ಪೊರಕೆ ಹಿಡಿಯಲಿ. ಕೆಲಸದವರ ಸಂಬಳ ಸರಿಯಾಗಿ ಕೊಡಲಿ, ಅದೂ ತಿಂಗಳ ಮೊದಲ ವಾರದಲ್ಲೇ.

ಇನ್ನು ಊಟ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಬಿಸಿಯೂಟ ಇದೆ. ಈ ಭಾಗದ ಮಕ್ಕಳಲ್ಲಿ ಅಪೌಷ್ಟಿಕತೆ ಹೆಚ್ಚೆಂದು 2021ರ ಕೊನೆಯಲ್ಲಿ ಮೊಟ್ಟೆ, ಬಾಳೆಹಣ್ಣು ಕೊಡುವುದನ್ನು ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮೊದಲು ಶುರು ಮಾಡಿದರು. ಮೊಟ್ಟೆ ತಿನ್ನುವವರು, ತಿನ್ನದವರು ಒಂದೇ ಸಾಲಿನಲ್ಲಿ ಕೂರಲಿ. ಎರಡು ಸಾಲು ಮಾಡಿದ ದಿನವೇ ಜಾತಿಯ ಲೆಕ್ಕ ಶುರುವಾಗುತ್ತದೆ. ಶಿಕ್ಷಕರು ಅದೇ ಸಾಲಿನಲ್ಲಿ, ಅದೇ ತಟ್ಟೆಯಲ್ಲಿ ಉಣ್ಣಿ. ಅಡುಗೆಯವರು ಯಾವ ಜಾತಿಯವರೇ ಆಗಿರಲಿ, ಅವರ ಕೈಯಿಂದ ಮೊದಲ ತುತ್ತು ನಿಮ್ಮದಾಗಲಿ. ಇದಕ್ಕಿಂತ ದೊಡ್ಡ ಧರ್ಮೋಪದೇಶ ಇನ್ನೊಂದಿಲ್ಲ ಅಂತ ನನಗನಿಸುತ್ತದೆ. ನಮ್ಮ ಧರ್ಮಸಭೆಯೊಳಗೂ ಈ ರೋಗ ಇದೆ. ಅದಕ್ಕೇ ಧರ್ಮಾಧ್ಯಕ್ಷರು 2016ರಲ್ಲಿ ದಲಿತರ ಸಬಲೀಕರಣಕ್ಕೆಂದು ಪ್ರತ್ಯೇಕ ನೀತಿಯನ್ನೇ ತಂದರು.

ಬಿಸಿಯೂಟ ಇಲ್ಲದ ಅನುದಾನರಹಿತ ಶಾಲೆಯಲ್ಲಿ ಡಬ್ಬಿ ತಾರದ ಮಕ್ಕಳನ್ನು ಗಮನಿಸಿ. "ಹಸಿವಿಲ್ರಿ ಅಕ್ಕೋರೆ" ಅಂದರೆ ನಂಬಬೇಡಿ. ಶಾಲೆಯಲ್ಲಿ ಒಂದು ರೊಟ್ಟಿ ಬುಟ್ಟಿ ಇಡಿ. ಮನೆಯಲ್ಲಿ ರೊಟ್ಟಿ ಬಡಿಯುವಾಗ ಒಂದು ಹೆಚ್ಚು ಬಡಿದು ಕಳಿಸಲು ತಾಯಂದಿರಿಗೆ ಹೇಳಿ. ಯಾರು ಬೇಕಾದರೂ ಹಾಕಬಹುದು, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಲೆಕ್ಕ ಇಲ್ಲ, ಹೆಸರಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿನಿಂದ ಬಂಡಿಗಟ್ಟಲೆ ರೊಟ್ಟಿ ಬರುತ್ತದೆ. ಅಲ್ಲಿ ರೊಟ್ಟಿಯ ಮೇಲೆ ಯಾರ ಹೆಸರೂ ಇರುವುದಿಲ್ಲ. ನಮ್ಮ ಜನಕ್ಕೆ ಇದು ಹೊಸ ವಿದ್ಯೆಯೇನಲ್ಲ.

ಕೊನೆಯದು ಹಾಜರಿ. ಈ ಮೂರೂ ಜಿಲ್ಲೆಗಳಿಂದ ಮಳೆ ಕೈಕೊಟ್ಟ ವರ್ಷ ಜನ ಬೆಂಗಳೂರು, ಗೋವಾ, ಮಹಾರಾಷ್ಟ್ರದ ಕಡೆ ಗುಳೆ ಹೋಗುತ್ತಾರೆ. ಊರಲ್ಲೇ ಉಳಿದವರ ಮಕ್ಕಳೂ ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ದಿನಗಳಲ್ಲಿ ಶಾಲೆಗೆ ಬರುವುದಿಲ್ಲ. ದೊಡ್ಡ ಹುಡುಗಿಯರು ತಮ್ಮ ತಂಗಿಯರನ್ನು ಎತ್ತಿಕೊಂಡು ಮನೆ ಕಾಯುತ್ತಾರೆ. ಇಲ್ಲಿ ಮಾಡಬೇಕಾದ ಕೆಲಸ:

– ಸತತ ಮೂರು ದಿನ ಬಾರದ ಮಗುವಿನ ಮನೆಗೆ ಸಂಜೆ ಹೋಗಿ. ಹಗಲು ಹೋದರೆ ಮನೆಯಲ್ಲಿ ಯಾರೂ ಸಿಗುವುದಿಲ್ಲ.
– ಬೈಯಲು ಹೋಗಬೇಡಿ. "ಯಮ್ಮಾ, ಎಷ್ಟು ದಿನ ಕೆಲಸ ಐತಿ? ಮುಗಿದ ಮೇಲೆ ಕಳಿಸ್ತೀರಲ್ಲ?" ಅಂತ ಕೇಳಿ. ಮಾತು ಅಲ್ಲಿಂದ ಮುಂದುವರಿಯುತ್ತದೆ.
– ಗುಳೆ ಹೊರಟವರಿದ್ದರೆ ಮಗುವನ್ನು ಅಜ್ಜಿಯ ಹತ್ತಿರ ಬಿಡಲು ಆಗುತ್ತದೆಯೇ ಕೇಳಿ. ಋತುಮಾನದ ವಸತಿ ಶಾಲೆ ಹತ್ತಿರದಲ್ಲಿ ಇದೆಯೇ ಎಂದು ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ.
– ಕರೆದುಕೊಂಡೇ ಹೋಗುತ್ತಾರೆಂದರೆ ಟಿಸಿಯನ್ನು ಅವತ್ತೇ ಕೊಡಿ. ಫೀ ಬಾಕಿ ಅಂತ ಹಿಡಿದಿಡಬೇಡಿ. ವಾಪಸ್ ಬಂದಾಗ ಯಾವ ತಿಂಗಳಾದರೂ ಸೇರಿಸಿಕೊಳ್ಳಿ.
– ಬಂದ ಮಗುವನ್ನು ಎಲ್ಲರ ಮುಂದೆ "ಎಲ್ಲಿ ಹೋಗಿದ್ದಿ?" ಅಂತ ಕೇಳಬೇಡಿ. ತಪ್ಪಿದ ಪಾಠಕ್ಕೆ ಜೊತೆಯ ಒಬ್ಬ ಜಾಣ ಮಗುವನ್ನು ಕೂರಿಸಿ.

ದೇವದಾಸಿ ತಾಯಂದಿರ ಮಕ್ಕಳೂ ನಮ್ಮ ಶಾಲೆಗಳಲ್ಲಿದ್ದಾರೆ. 1982ರಲ್ಲೇ ಆ ಪದ್ಧತಿಯನ್ನು ಕಾನೂನು ನಿಷೇಧಿಸಿತು, ಆದರೆ ನೋವು ಉಳಿದಿದೆ. ಅರ್ಜಿ ತುಂಬಿಸುವಾಗ ತಂದೆಯ ಹೆಸರನ್ನು ತರಗತಿಯಲ್ಲಿ ಜೋರಾಗಿ ಕೇಳಬೇಡಿ. ತಾಯಿಯನ್ನು ಆಫೀಸಿಗೆ ಕರೆದು, ಕುರ್ಚಿ ಕೊಟ್ಟು, ಬಾಗಿಲು ಅರ್ಧ ಮುಚ್ಚಿ ಬರೆದುಕೊಳ್ಳಿ.

6. ವರ್ಷದ ಹಬ್ಬಗಳನ್ನು ಕೆಲಸಕ್ಕೆ ಜೋಡಿಸಿ

ಸೆಪ್ಟೆಂಬರ್ 5 ಶಿಕ್ಷಕರ ದಿನ. ಕೋಲ್ಕತ್ತಾದ ಸಂತ ತೆರೇಸಾ 1997ರಲ್ಲಿ ತೀರಿಕೊಂಡದ್ದೂ ಅದೇ ದಿನ, ಅವರ ಹಬ್ಬವೂ ಅಂದೇ. ಅವತ್ತು ಮಕ್ಕಳಿಂದ ಉಡುಗೊರೆ ತೆಗೆದುಕೊಳ್ಳುವುದನ್ನು ನಿಲ್ಲಿಸಿ. ಅಡುಗೆಯವರಿಗೆ, ಆಯಾಗಳಿಗೆ, ಕಾವಲುಗಾರರಿಗೆ ಶಿಕ್ಷಕರೇ ಊಟ ಬಡಿಸಲಿ.

ಅಕ್ಟೋಬರ್ 4 ಅಸ್ಸಿಸಿಯ ಸಂತ ಫ್ರಾನ್ಸಿಸ್ ಹಬ್ಬ. ಪೋಪ್ ಫ್ರಾನ್ಸಿಸ್ ಭೂಮಿಯ ಕಾಳಜಿಯ ಬಗ್ಗೆ 2015ರಲ್ಲಿ ಬರೆದ ಪತ್ರದ ನೆನಪಿಗೆ ಅನೇಕ ಶಾಲೆಗಳು ಆ ದಿನ ಸಸಿ ನೆಡುತ್ತವೆ. ನಮ್ಮ ಕಡೆ ಅದು ತಡವಾಯಿತು. ಸಸಿ ಜೂನ್ ಜುಲೈನಲ್ಲಿ ನೆಡಿ, ಬೇವು ಅಥವಾ ಹೊಂಗೆ. ಅಕ್ಟೋಬರ್ 4ರಂದು ಬದುಕಿದ ಸಸಿ ಎಷ್ಟು ಎಂದು ಎಣಿಸಿ, ಬೇಸಿಗೆಗೆ ನೀರು ಹಾಕುವವರ ಪಾಳಿ ಬರೆಯಿರಿ. ಅಕ್ಟೋಬರ್ ಜಪಸರದ (ರೋಸರಿ) ತಿಂಗಳು ಕೂಡ. ಅದು ಕಥೋಲಿಕ ಮಕ್ಕಳಿಗೆ ಮಾತ್ರ, ಶಾಲೆ ಬಿಟ್ಟ ಮೇಲೆ.

ಕ್ರಿಸ್ಮಸ್‌ಗೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಮಾಡಿ. ಗಂಗಾವತಿ, ಸಿಂಧನೂರು ಕಡೆ ಆಗಷ್ಟೇ ಭತ್ತ ಕಟಾವಾಗಿರುತ್ತದೆ, ಹುಲ್ಲಿಗೆ ಬರವಿಲ್ಲ. ಥರ್ಮಾಕೋಲ್ ಯಾಕೆ ಬೇಕು? ನಾಟಕದಲ್ಲಿ ಬೇರೆ ಧರ್ಮದ ಮಗು ಪಾತ್ರ ಮಾಡಬೇಕೆಂದರೆ ಮನೆಯವರ ಒಪ್ಪಿಗೆ ಬರಹದಲ್ಲಿರಲಿ. ಕೆಂಪು ಬಟ್ಟೆ, ಟೋಪಿ ತರಲೇಬೇಕು ಅಂತ ಯಾರಿಗೂ ಹೇಳಬೇಡಿ. ಕೂಲಿ ಮಾಡುವ ಮನೆಗೆ ಅದು ಒಂದು ದಿನದ ಸಂಬಳ.

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು, ಅಂದರೆ ತಪಸ್ಸುಕಾಲ, ಬರುವುದು ಫೆಬ್ರವರಿ ಮಾರ್ಚ್‌ನಲ್ಲಿ. ಧರ್ಮಸಭೆಯ ಸೇವಾ ಸಂಸ್ಥೆ ಕಾರಿತಾಸ್ ಇಂಡಿಯಾ ಪ್ರತಿ ವರ್ಷ ಹಸಿವು ಮತ್ತು ರೋಗದ ವಿರುದ್ಧ ಅಭಿಯಾನ ನಡೆಸುತ್ತದೆ. ಶಾಲೆಯಲ್ಲಿ ಹಣದ ಡಬ್ಬಿಗಿಂತ ಹಿಡಿ ಜೋಳ, ಹಿಡಿ ಅಕ್ಕಿ ಒಳ್ಳೆಯದು. ತರಗತಿಗಳ ನಡುವೆ ಸ್ಪರ್ಧೆ ಇಡಬೇಡಿ, ಹೆಸರು ಓದಬೇಡಿ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ಯೇಸುಸ್ವಾಮಿ ಹೇಳಿದ್ದಾರೆ. ಆ ಕಾಳಿನ ಕಿಟ್ ಪಡೆಯುವ ಅಜ್ಜಿಯ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಿದರೆ ಆ ಮಾತಿಗೆ ಏನು ಬೆಲೆ?

7. ಬೆತ್ತ ಮತ್ತು ಮೌನ, ಎರಡೂ ಬೇಡ

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದನ್ನು ನಿಷೇಧಿಸುತ್ತದೆ. ಆ ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದನ್ನೇ ನೆಪ ಮಾಡಿಕೊಂಡು ಬೆತ್ತ ಇಟ್ಟುಕೊಳ್ಳುವುದು ನಾಚಿಕೆಗೇಡು. 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಮಗುವಿನ ಮೇಲಿನ ಕ್ರೌರ್ಯವನ್ನು ಅಪರಾಧ ಎನ್ನುತ್ತದೆ.

ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೇ ಅಪರಾಧ. ಆರೋಪ ಬಂದವರು ಫಾದರ್ ಆಗಿರಲಿ, ಸಿಸ್ಟರ್ ಆಗಿರಲಿ, ಆಡಳಿತ ಮಂಡಳಿಯವರಾಗಿರಲಿ, ನಿಯಮ ಒಂದೇ. ಒಳಗೇ ವಿಚಾರಣೆ ಮಾಡಿ ಮುಗಿಸುವಂತಿಲ್ಲ. ಮಕ್ಕಳ ಸಹಾಯವಾಣಿ 1098 ಅನ್ನು ಮಗುವಿನ ಕಣ್ಣಿನ ಎತ್ತರದಲ್ಲಿ, ಗೋಡೆಯ ಮೇಲೆ ಬಣ್ಣದಲ್ಲೇ ಬರೆಸಿ. ಸೂಚನಾ ಫಲಕಕ್ಕೆ ಅಂಟಿಸಿದ ಕಾಗದ ಮಳೆಗಾಲಕ್ಕೆ ಹರಿದು ಹೋಗುತ್ತದೆ.

8. ವರ್ಗಾವಣೆಗೆ ಮುಂಚೆ

ಫಾದರ್, ಸಿಸ್ಟರ್‌ಗಳ ವರ್ಗಾವಣೆ ಹೆಚ್ಚಾಗಿ ಬೇಸಿಗೆಯಲ್ಲಿ ಆಗುತ್ತದೆ. ರೊಟ್ಟಿ ಬುಟ್ಟಿ ಇಟ್ಟ ಸಿಸ್ಟರ್ ಹೋದ ಮೇಲೆ ಬುಟ್ಟಿಯೂ ಹೋಗುತ್ತದೆ. ಆದ್ದರಿಂದ ಕೆಲಸ ಒಬ್ಬರ ಮೇಲೆ ನಿಲ್ಲಬಾರದು. ಪಾಲಕರಲ್ಲಿ ಐದಾರು ಜನರ ಗುಂಪು ಮಾಡಿ. ಅದರಲ್ಲಿ ತಾಯಂದಿರು ಅರ್ಧಕ್ಕಿಂತ ಹೆಚ್ಚಿರಲಿ, ಬೇರೆ ಬೇರೆ ಕೇರಿಯವರಿರಲಿ. ಸಭೆಯನ್ನು ಸಂತೆಯ ದಿನ ಸಂಜೆ ಇಡಿ, ಕೂಲಿ ತಪ್ಪುವುದಿಲ್ಲ.

ಒಂದು ದಪ್ಪ ರಿಜಿಸ್ಟರ್ ತೆಗೆದುಕೊಂಡು ಮಾರ್ಚ್ ಕೊನೆಯೊಳಗೆ ಇವನ್ನು ಬರೆಯಿರಿ: ನೀರಿನ ಪರೀಕ್ಷೆ ಯಾವಾಗ ಆಯಿತು, ಫಲಿತಾಂಶ ಏನು. ಮುಂದಿನ ವರ್ಷ ಪರಮಪ್ರಸಾದಕ್ಕೆ ಸಿದ್ಧರಾಗಬೇಕಾದವರು ಯಾರು. ಯಾವ ಸಸಿಗೆ ಯಾರ ಪಾಳಿ. ಟಿಸಿ ಪಡೆದು ಗುಳೆ ಹೋದ ಮಕ್ಕಳು ಯಾರು, ಊರಲ್ಲಿ ಉಳಿದ ಬಂಧುಗಳ ಫೋನ್ ನಂಬರ್ ಏನು. ಈ ಕೊನೆಯ ಪಟ್ಟಿ ಹಿಡಿದು ಹೊಸಬರು ಮೇ ಕೊನೆಯ ವಾರದಲ್ಲಿ ಫೋನ್ ಮಾಡಬೇಕು. ಅಪ್ಪ ಅಮ್ಮ ಬಿತ್ತನೆಗೆ ಊರಿಗೆ ಬರುವ ಹೊತ್ತು ಅದು. ಮನೆಯ ಗುಟ್ಟುಗಳನ್ನು ಮಾತ್ರ ಆ ರಿಜಿಸ್ಟರ್‌ನಲ್ಲಿ ಬರೆಯಬೇಡಿ. ಯಾವ ಮಗುವಿಗೆ ಹೆಚ್ಚು ಗಮನ ಬೇಕು ಎಂಬುದನ್ನು ಹೊಸದಾಗಿ ಬಂದ ಸಿಸ್ಟರ್‌ಗೆ ಎದುರಿಗೆ ಕೂತು ಬಾಯಲ್ಲೇ ಹೇಳಿ.